‘ಬೆಲ್ಲದ’, ‘ಉಪ್ಪಿನ’, ‘ಗೌಡರ’: ಈ ಅಡ್ಡಹೆಸರುಗಳು ಷಷ್ಠಿಯಲ್ಲೇಕೆ ನಿಂತಿವೆ?

ಉತ್ತರ ಕರ್ನಾಟಕದ ಅಡ್ಡಹೆಸರುಗಳ ಬಗ್ಗೆ ಒಂದು ವ್ಯಾಕರಣದ ಪ್ರಶ್ನೆ. (ಧಾರವಾಡ, ಬೆಳಗಾವಿ ಕಡೆ ‘ಅಡ್ಡಹೆಸರು’ ಎಂದರೆ ಮನೆತನದ ಹೆಸರು. ಮೈಸೂರು ಸೀಮೆಯವರು ಇದನ್ನು ಗೇಲಿಗೆ ಇಟ್ಟ ಹೆಸರು ಎಂದು ಓದಿಕೊಳ್ಳಬಾರದಾಗಿ ವಿನಂತಿ.)

ಬೆಲ್ಲದ, ತುಪ್ಪದ, ಹಳ್ಳದ, ಮಠದ, ಉಪ್ಪಿನ, ಹೂವಿನ, ಗೌಡರ. ಇಂಥ ಹೆಸರನ್ನು ಮೊದಲ ಸಲ ಕೇಳಿದವರು ‘ಬೆಲ್ಲದ... ಏನು?’ ಎಂದು ಮುಂದಿನ ಪದಕ್ಕೆ ಕಾಯುತ್ತಾರೆ. ಕಾಯುವುದು ಸಹಜವೇ, ಏಕೆಂದರೆ ಇವೆಲ್ಲ ಷಷ್ಠೀ ವಿಭಕ್ತಿಯ ರೂಪಗಳು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಷಷ್ಠಿಗೆ ಹೇಳಿದ ‘ಅ’ ಪ್ರತ್ಯಯವೇ ಇಲ್ಲೂ ಇದೆ. ಬೆಲ್ಲಕ್ಕೆ ದಕಾರ ಬಂದು ಬೆಲ್ಲದ, ಉಪ್ಪಿಗೆ ‘ಇನ’ ಬಂದು ಉಪ್ಪಿನ, ಗೌಡರು ಎಂಬ ಬಹುವಚನಕ್ಕೆ ‘ಅ’ ಸೇರಿ ಗೌಡರ.

ಹಾಗಾದರೆ ಅಕ್ಕಿ, ಹತ್ತಿ, ಅಂಗಡಿ, ಹೊಸಮನಿ? ಇವುಗಳಲ್ಲಿ ವಿಭಕ್ತಿ ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ‘ಮನಿ ಕೆಲಸ’, ‘ಅಂಗಡಿ ಬಾಗಿಲ’ ಎಂದು ಮಾತಾಡುವಾಗ ‘ಯ’ ಹೇಗೂ ಬಿದ್ದುಹೋಗಿರುತ್ತದೆ. ಹಾಗಾಗಿ ಇವನ್ನೂ ಅದೇ ಸಾಲಿಗೆ ಸೇರಿಸಲು ನನಗೆ ಅಡ್ಡಿ ಕಾಣುವುದಿಲ್ಲ.

ಷಷ್ಠಿ ಎಂದಮೇಲೆ ಅದರ ಮುಂದೆ ಒಂದು ನಾಮಪದ ಇರಬೇಕು. ಅದು ಎಲ್ಲಿ ಹೋಯಿತು? ಸಾಮಾನ್ಯವಾಗಿ ಕೊಡುವ ವಿವರಣೆ ‘ಬೆಲ್ಲದ ಮನೆತನ’, ‘ಉಪ್ಪಿನ ವ್ಯಾಪಾರದವರು’ ಎಂಬುದರಲ್ಲಿ ಕೊನೆಯ ಪದ ಲೋಪವಾಯಿತು ಎಂದು. ನನಗೆ ಇದು ಅಷ್ಟು ಒಪ್ಪಿಗೆಯಾಗಿಲ್ಲ. ಲೋಪವಾಗಿದ್ದು ಏನೂ ಇಲ್ಲ, ಪದಗಳು ಜಾಗ ಬದಲಿಸಿವೆ ಅಷ್ಟೇ ಎಂಬುದು ನನ್ನ ವಾದ.

ಕನ್ನಡದಲ್ಲಿ ಊರಿನದೋ ಮನೆಯದೋ ಹೆಸರು ಮೊದಲು, ಆಮೇಲೆ ವ್ಯಕ್ತಿಯ ಹೆಸರು. ಸಂಗೊಳ್ಳಿ ರಾಯಣ್ಣ, ಪಾಟೀಲ ಪುಟ್ಟಪ್ಪ, ಮಾಸ್ತಿ ವೆಂಕಟೇಶ ಅಯ್ಯಂಗಾರ್. ‘ಕಿತ್ತೂರ ಚೆನ್ನಮ್ಮ’ ಎನ್ನುವಾಗಲಂತೂ ಷಷ್ಠಿ ಸ್ಪಷ್ಟ: ಊರು ಕಿತ್ತೂರು, ಚೆನ್ನಮ್ಮ ಕಿತ್ತೂರ ಚೆನ್ನಮ್ಮ. ಹಳ್ಳಿಯಲ್ಲಿ ಇಂದಿಗೂ ‘ಬೆಲ್ಲದ ಬಸಪ್ಪ’ ಎಂದೇ ಕರೆಯುತ್ತಾರೆ. ಅಲ್ಲಿ ಷಷ್ಠಿಗೆ ಬೇಕಾದ ನಾಮಪದ ಬಸಪ್ಪನೇ.

ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು 1956ರವರೆಗೆ ಮುಂಬಯಿಗೆ ಸೇರಿದ್ದವು. ಅಲ್ಲಿನ ಕಾಗದಪತ್ರಗಳ ಕ್ರಮವೇ ಬೇರೆ: ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಮಲ್ಲಿಕಾರ್ಜುನ ಭೀಮರಾಯಪ್ಪ ಮನ್ಸೂರ. ಇದರ ಪಕ್ಕದಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಇಟ್ಟು ನೋಡಿ. ಮನ್ಸೂರರ ಊರು ಕೊನೆಗೆ ಬಂದಿದೆ, ಕುವೆಂಪು ಅವರ ಊರು ಮೊದಲಲ್ಲೇ ಉಳಿದು ‘ಕೆ.’ ಆಗಿದೆ. ಬೆಲ್ಲದ ಬಸಪ್ಪನನ್ನು ಮುಂಬಯಿ ಕ್ರಮಕ್ಕೆ ತಿರುಗಿಸಿದಾಗ ಬಸಪ್ಪ ಮುಂದಕ್ಕೆ ಹೋದ, ‘ಬೆಲ್ಲದ’ ತನ್ನ ವಿಭಕ್ತಿಯನ್ನು ಕಟ್ಟಿಕೊಂಡೇ ಹಿಂದೆ ಉಳಿಯಿತು.

ತೆಲುಗಿನ ‘ಇಂಟಿಪೇರು’ ಈ ವಾದಕ್ಕೆ ಬಲ ಕೊಡುತ್ತದೆ. ಅಲ್ಲಿ ಮನೆಹೆಸರು ಇಂದಿಗೂ ಮೊದಲೇ ಬರುತ್ತದೆ, ಮತ್ತು ಊರಿನ ಹೆಸರು ಷಷ್ಠಿಗೆ ಬೇಕಾದ ರೂಪಕ್ಕೆ ತಿರುಗಿರುತ್ತದೆ. ‘ಊರು’ ಹೋಗಿ ‘ಊರಿ’, ‘ಪಾಡು’ ಹೋಗಿ ‘ಪಾಟಿ’. ನಂದಮೂರಿ ಎಂದರೆ ನಂದಮೂರಿನ ಎಂದೇ ಅರ್ಥ, ಪಕ್ಕದಲ್ಲೇ ತಾರಕ ರಾಮರಾವ್ ಇದ್ದಾರೆ. ಆದ್ದರಿಂದ ಯಾರಿಗೂ ಅದು ಅರ್ಧಕ್ಕೆ ನಿಂತ ಹೆಸರು ಅನ್ನಿಸುವುದಿಲ್ಲ. (ದೂರದ ರಷ್ಯನ್ ಭಾಷೆಯಲ್ಲೂ ಇವಾನೋವ್ ಎಂದರೆ ಮೂಲದಲ್ಲಿ ‘ಇವಾನನ’ ಎಂದೇ.)

ಇನ್ನು ‘ರ’ದಲ್ಲಿ ಕೊನೆಯಾಗುವ ಹೆಸರುಗಳು. ಇಲ್ಲಿ ಎಚ್ಚರ ಬೇಕು, ಎಲ್ಲ ‘ರ’ವೂ ಒಂದೇ ಅಲ್ಲ. ಗಾಣಿಗೇರ, ಬಡಿಗೇರ, ಗೌಡರ ಎಂಬಲ್ಲಿ ಇರುವುದು ಬಹುವಚನದ ಷಷ್ಠಿ: ಬಡಿಗೇರು ಎಂದರೆ ಬಡಿಗರು, ಅವರ ಮನೆಯವನು ಬಡಿಗೇರ. ಹೂಗಾರದ ‘ರ’ ಹಾಗಲ್ಲ, ಅದು ಮಾಲೆಗಾರ, ಬಳೆಗಾರ ಎಂಬಲ್ಲಿನ ‘ಗಾರ’ ಪ್ರತ್ಯಯದ ತುಣುಕು. ಕುಂಬಾರ ಕುಂಭಕಾರದಿಂದ, ಕಂಬಾರ ಸಂಸ್ಕೃತದ ಕರ್ಮಾರ, ಪ್ರಾಕೃತದ ಕಮ್ಮಾರದ ದಾರಿಯಿಂದ ಬಂದವು. ಅವು ಪೂರ್ತಿ ನಾಮಪದಗಳು. ಪರೀಕ್ಷೆ ಸುಲಭ: ‘ಅವನೊಬ್ಬ ಕುಂಬಾರ’ ಎನ್ನಬಹುದು, ‘ಅವನೊಬ್ಬ ಬಡಿಗ’ ಎನ್ನಬಹುದು, ‘ಅವನೊಬ್ಬ ಗೌಡರ’ ಎನ್ನಲು ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಏಕೆ ಎಂದರೆ, ಪತ್ರಿಕೆಗಳಲ್ಲೂ ಆಮಂತ್ರಣಗಳಲ್ಲೂ ಈಗ ಕಾಣುವುದು ಬೆಲ್ಲದ್, ಗೌಡರ್, ಕಂಬಾರ್, ಬಡಿಗೇರ್. ಇಂಗ್ಲಿಷಿನಲ್ಲಿ ಕೊನೆಯ ಸ್ವರ ಬರೆಯುವುದಿಲ್ಲ, ಅಲ್ಲಿಂದ ಕನ್ನಡಕ್ಕೆ ಮರಳಿ ಬರುವಾಗ ಅರ್ಧಾಕ್ಷರವಾಗಿ ಬರುತ್ತದೆ. ಒಂದು ಸ್ಮರಣಸಂಚಿಕೆಯ ಕರಡು ತಿದ್ದುವಾಗ ‘ಉಪ್ಪಿನ್’ ಎಂದು ನೋಡಿದೆ. ಕನ್ನಡಿಗರೇ ಜೋಡಿಸಿದ ಅಕ್ಷರ, ಕನ್ನಡದ ಪದ, ಓದಿದರೆ ಯಾವ ದೇಶದ್ದೋ ಅನ್ನಿಸುತ್ತದೆ. ಪಾಟೀಲ ಹೋಗಿ ಪಾಟೀಲ್ ಆದರೆ ಅರ್ಥಕ್ಕೆ ಏನೂ ನಷ್ಟವಿಲ್ಲ, ಅದು ಹುದ್ದೆಯ ಹೆಸರು. ಬೆಲ್ಲದ ಹೋಗಿ ಬೆಲ್ಲದ್ ಆದರೆ ಷಷ್ಠಿಯೇ ಹೋಯಿತು, ಉಳಿದ ದಕಾರಕ್ಕೆ ಕೆಲಸವಿಲ್ಲ. ಸ್ವತಃ ಆ ಮನೆತನದವರೇ ಹಾಗೆ ಸಹಿ ಮಾಡಿದರೆ ಅವರಿಷ್ಟ. ವರದಿ ಬರೆಯುವವರಿಗೆ ಆ ವಿನಾಯಿತಿ ಕೊಡಲು ನಾನು ತಯಾರಿಲ್ಲ. ಹಾಗೆಯೇ ‘ಹೊಸಮನಿ’ಯನ್ನು ‘ಹೊಸಮನೆ’ ಎಂದು ತಿದ್ದುವ ಶುದ್ಧೀಕರಣವೂ ಬೇಡ. ಅದು ಅವರ ಸೀಮೆಯ ಉಚ್ಚಾರ, ಅಚ್ಚಿನ ತಪ್ಪಲ್ಲ.

ಈಗ ನನ್ನ ಪ್ರಶ್ನೆ, ಎರಡು ಭಾಗದಲ್ಲಿ. ಈ ಹೆಸರುಗಳಿಗೆ ಮತ್ತೆ ವಿಭಕ್ತಿ ಹಚ್ಚುವಾಗ ನೀವು ಏನು ಬರೆಯುತ್ತೀರಿ? ‘ಕಂಬಾರರ ನಾಟಕ’ ಸಲೀಸು. ‘ಬೆಲ್ಲದರ ಭಾಷಣ’ ಎಂದು ಬರೆದರೆ ಒಂದು ಷಷ್ಠಿಯ ಮೇಲೆ ಇನ್ನೊಂದು ಕೂತಂತೆ, ‘ಗೌಡರರ’ ಎಂಬುದಂತೂ ಆಗದ ಮಾತು. ನಾನು ‘ಬೆಲ್ಲದ ಅವರ’, ‘ಗೌಡರ ಅವರ’ ಎಂದು ಬಿಡಿಸಿ ಬರೆಯುತ್ತೇನೆ. ನಿಮ್ಮ ರೂಢಿ ಬೇರೆಯಿದ್ದರೆ ಉದಾಹರಣೆ ಸಮೇತ ತಿಳಿಸಿ.

ಎರಡನೆಯದು: 1956ಕ್ಕಿಂತ ಹಿಂದಿನ ಶಾಲಾ ದಾಖಲಾತಿ, ಅಂಗಡಿ ಲೆಕ್ಕದ ಪುಸ್ತಕ, ಖರೀದಿಪತ್ರ ಯಾರ ಮನೆಯಲ್ಲಾದರೂ ಇದ್ದರೆ, ಅದರಲ್ಲಿ ಅಡ್ಡಹೆಸರು ಮೊದಲಿದೆಯೋ ಕೊನೆಗಿದೆಯೋ ನೋಡಿ ಹೇಳುತ್ತೀರಾ? ಸರ್ಕಾರಿ ಕಾಗದದಲ್ಲಿ ಒಂದು ಕ್ರಮ, ಅಂಗಡಿಯ ಪುಸ್ತಕದಲ್ಲಿ ಇನ್ನೊಂದು ಕ್ರಮ ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರಿನ ಭಾಗ ಮುಚ್ಚಿ, ಅಡ್ಡಹೆಸರು ಮತ್ತು ಇಸವಿ ಮಾತ್ರ ಬರೆದರೆ ಸಾಕು.