ಲ್ಯಾಬ್‌ನಲ್ಲಿ ಜೆಕೆ ಫ್ಲಿಪ್‌ಫ್ಲಾಪ್ ಇನ್ನೂ ಬೇಕಾ?

ಎಡ್ಜ್_ಟು_ಎಡ್ಜ್: ಡಿಪ್ಲೊಮಾ ಇರಲಿ, ಬಿ.ಇ. ಇರಲಿ, ಸೀಕ್ವೆನ್ಷಿಯಲ್ ಸರ್ಕ್ಯೂಟ್ ಶುರುವಾದರೆ ಎಸ್‌ಆರ್, ಜೆಕೆ ಎಂಬ ಫ್ಲಿಪ್‌ಫ್ಲಾಪ್‌ಗಳು (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್; ಜೆಕೆಯಲ್ಲಿ ಎರಡೂ ಇನ್‌ಪುಟ್ 0 ಇದ್ದರೆ ಔಟ್‌ಪುಟ್ ಹಾಗೇ ಉಳಿಯುತ್ತದೆ, ಎರಡೂ 1 ಇದ್ದರೆ ತಿರುಗುತ್ತದೆ), ರೇಸ್ ಅರೌಂಡ್ (ಕ್ಲಾಕ್ ಪಲ್ಸ್ ಹೈ ಇರುವಷ್ಟು ಹೊತ್ತು ಔಟ್‌ಪುಟ್ ಮತ್ತೆ ಮತ್ತೆ ತಿರುಗುವ ತೊಂದರೆ), ಮಾಸ್ಟರ್ ಸ್ಲೇವ್ ಅಂತ ಕ್ಲಾಸುಗಳೆಲ್ಲ ಅದರಲ್ಲೇ ಮುಗಿಯುತ್ತವೆ. ಕ್ಲಾಕ್ ಬಂದಾಗ ಇನ್‌ಪುಟ್ಟನ್ನು ಹಾಗೇ ಹಿಡಿದಿಡುವ ಡಿ ಫ್ಲಿಪ್‌ಫ್ಲಾಪ್‌ಗೆ ಉಳಿಯುವುದು ಕೊನೆಯ ಅರ್ಧ ಗಂಟೆ. ಕೆಲಸಕ್ಕೆ ಸೇರಿದ ಮೇಲೆ ಬೇಕಾಗುವುದು ಅದೊಂದೇ. ಜೈಲಿಂಕ್ಸ್ 7 ಸೀರೀಸ್ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಒಳಗೇ ಕಟ್ಟಿಕೊಳ್ಳಬಹುದಾದ ಚಿಪ್) ತೆಗೆದು ನೋಡಿ: ಒಂದು ಸ್ಲೈಸ್‌ನಲ್ಲಿ 4 ಲುಕ್‌ಅಪ್ ಟೇಬಲ್ (ಗೇಟ್‌ಗಳ ಕೆಲಸ ಮಾಡುವ ಪಟ್ಟಿ), 8 ಫ್ಲಿಪ್‌ಫ್ಲಾಪ್, ಎಲ್ಲವೂ ಡಿ. ಜೆಕೆ ಬಿಟ್ಟು ಮೊದಲ ದಿನದಿಂದಲೇ ಡಿ, ಸೆಟಪ್ ಟೈಮ್, ಹೋಲ್ಡ್ ಟೈಮ್ (ಕ್ಲಾಕ್ ಅಂಚಿನ ಮುಂಚೆ, ನಂತರ ಇನ್‌ಪುಟ್ ಸ್ಥಿರವಾಗಿರಬೇಕಾದ ಹೊತ್ತು) ಕಲಿಸಬೇಕು. ರಿಪಲ್ ಕೌಂಟರ್ (ಒಂದು ಫ್ಲಿಪ್‌ಫ್ಲಾಪಿನ ಔಟ್‌ಪುಟ್ ಮುಂದಿನದಕ್ಕೆ ಕ್ಲಾಕ್ ಆಗುವ ಕೌಂಟರ್) ಕೂಡ ಬಿಡಬಹುದು.

ಹಳೇ_ಲ್ಯಾಬ್_ಮೇಷ್ಟ್ರು: "ಜೆಕೆ ಬಿಟ್ಟು" ಅಂತ ಎಷ್ಟು ಸಲೀಸಾಗಿ ಬರೆದಿರಿ! ಜೆಕೆಯ ಎಕ್ಸೈಟೇಶನ್ ಟೇಬಲ್ಲಿನ (ಬೇಕಾದ ಬದಲಾವಣೆಗೆ ಯಾವ ಇನ್‌ಪುಟ್ ಕೊಡಬೇಕೆಂಬ ಪಟ್ಟಿಯ) ಪ್ರತಿ ಸಾಲಿನಲ್ಲೂ ಒಂದು ಡೋಂಟ್ ಕೇರ್ (0 ಆದರೂ 1 ಆದರೂ ನಡೆಯುವ ಜಾಗ) ಇರುತ್ತದೆ. ಕೆ ಮ್ಯಾಪ್ (ಲಾಜಿಕ್ ಸರಳ ಮಾಡುವ ಚೌಕಟ್ಟು) ಹಾಕಿದರೆ ಗೇಟ್ ಉಳಿಯುತ್ತದೆ, ಡಿಯಲ್ಲಿ ಆ ಸೌಲಭ್ಯ ಇಲ್ಲ. ರೇಸ್ ಅರೌಂಡ್ ಪುಸ್ತಕದ ಬದನೆಕಾಯಿ ಅನ್ನುವವರು ನಮ್ಮ ಲ್ಯಾಬ್‌ಗೆ ಬನ್ನಿ. ಹುಡುಗರು ಜೆಕೆ ಚಿಪ್ಪಾದ 7476ರಲ್ಲಿ ಕೌಂಟರ್ ಕಟ್ಟಿ ಒಂದು ಸಲ ಬಟನ್ ಒತ್ತುತ್ತಾರೆ, ಎಣಿಕೆ 3ರಿಂದ 6ಕ್ಕೆ ಹಾರುತ್ತದೆ. ಅದು ರೇಸ್ ಅರೌಂಡ್. ಕಣ್ಣಾರೆ ಕಂಡದ್ದನ್ನು ಕಲಿಸಬೇಡಿ ಅಂದರೆ ಹೇಗೆ?

ಧಾರವಾಡದ_ಸೋಲ್ಡರ್: ಅಲ್ರೀ ಮೇಷ್ಟ್ರ, ಅದು ರೇಸ್ ಅರೌಂಡ್ ಅಲ್ಲ, ಸ್ವಿಚ್ ಬೌನ್ಸ್. ಬಟನ್ ಒಳಗಿನ ಲೋಹ ಒಂದ್ ಸಲ ಒತ್ತಿದ್ರ ಕೆಲವು ಮಿಲಿಸೆಕೆಂಡ್ ಹೊತ್ತು ಕೂಡಿ ಬಿಟ್ಟು ಕೂಡಿ ಬಿಟ್ಟು ಮಾಡ್ತದ. ಚಿಪ್ಪಿಗೆ ಅದು ಮೂರು ನಾಲ್ಕು ಕ್ಲಾಕ್ ಬಂದಂಗ. ನ್ಯಾಂಡ್ ಗೇಟಿನ ಚಿಪ್ 7400 ಒಂದು ತಗೊಂಡು, ಎರಡು ನ್ಯಾಂಡ್ ಗೇಟಿನ ಲ್ಯಾಚ್ ಮಾಡಿ, ಎರಡು ಕಡೆ ಕೂಡೂ ಸ್ವಿಚ್ ಹಚ್ಚಿ ನೋಡ್ರಿ. ಜಿಗಿಯೂದು ನಿಲ್ತದ. ರೇಸ್ ಅರೌಂಡ್ ಆಗಿದ್ರ ಅದು ಹೆಂಗ ನಿಲ್ತಿತ್ತು?

ಹಳೇ_ಲ್ಯಾಬ್_ಮೇಷ್ಟ್ರು: ಲ್ಯಾಚ್ ಹಾಕಿದರೆ ಕ್ಲಾಕ್ ಶುದ್ಧವಾಗುತ್ತದೆ, ಒಪ್ಪೋಣ. ಆದರೆ ಜೆ, ಕೆ ಎರಡೂ 1 ಇದ್ದು ಕ್ಲಾಕ್ ಹೈನಲ್ಲೇ ಉಳಿದರೆ ಔಟ್‌ಪುಟ್ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು. ಇದು ನಿಮ್ಮ ಸ್ವಿಚ್ಚಿಗೆ ಸಂಬಂಧವಿಲ್ಲದ ಮಾತು.

ಎಡ್ಜ್_ಟು_ಎಡ್ಜ್: "ಕ್ಲಾಕ್ ಹೈನಲ್ಲೇ ಉಳಿದರೆ" ಎಂಬ ಮಾತೇ ಇಲ್ಲಿ ಹೊಂದುವುದಿಲ್ಲ. 7476 ಎಡ್ಜ್ ಟ್ರಿಗರ್ಡ್. ಕ್ಲಾಕ್ ಇಳಿಯುವ ಆ ಕ್ಷಣ ಬಿಟ್ಟರೆ ಅದು ಜೆ, ಕೆಗಳನ್ನು ನೋಡುವುದೇ ಇಲ್ಲ.

ಧಾರವಾಡದ_ಸೋಲ್ಡರ್: ಇದೂ ತಪ್ಪೈತಿ. ಇದೇ ಚಿಪ್ಪಿನ ಎಲ್‌ಎಸ್ ತಳಿ, 74ಎಲ್‌ಎಸ್76ಎ, ಎಡ್ಜ್ ಟ್ರಿಗರ್ಡ್. ಎಲ್‌ಎಸ್ ಇಲ್ಲದ್ದು, ಬರೇ 7476, ಪಲ್ಸ್ ಟ್ರಿಗರ್ಡ್ ಮಾಸ್ಟರ್ ಸ್ಲೇವ್. ಕ್ಲಾಕ್ ಹೈ ಇದ್ದಾಗ ಮಾಸ್ಟರ್ ತಗೋತದ, ಇಳಿದಾಗ ಸ್ಲೇವಿಗೆ ಕೊಡ್ತದ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಡೇಟಾಶೀಟಿನಾಗ ಎರಡೂ ಚಿಪ್ ಒಂದೇ ಕಡೆ ಅದಾವ, ತಗದು ಓದ್ರಿ.

ಎಡ್ಜ್_ಟು_ಎಡ್ಜ್: ಓದಿದೆ. "ನೆಗೆಟಿವ್ ಎಡ್ಜ್ ಟ್ರಿಗರ್ಡ್" ಅಂತ ಸ್ಪಷ್ಟವಾಗಿ ಇದೆ.

ಧಾರವಾಡದ_ಸೋಲ್ಡರ್: ಅದು ಎಲ್‌ಎಸ್ ಸಾಲು! ಅದರ ಮ್ಯಾಲಿನ ಸಾಲು ಯಾಕ ಬಿಟ್ರಿ?

ಹಳೇ_ಲ್ಯಾಬ್_ಮೇಷ್ಟ್ರು: ನೋಡಿ, "ಮಾಸ್ಟರ್ ಸ್ಲೇವ್" ಎಂದು ಧಾರವಾಡದವರೇ ಹೇಳಿದರು. ರೇಸ್ ಅರೌಂಡ್ ತಪ್ಪಿಸಲೆಂದೇ ಅದನ್ನು ಮಾಡಿದ್ದು. ಹಾಗಾಗಿ ಜೆಕೆ ಪಾಠ ಬೇಕೇ ಬೇಕು.

ಧಾರವಾಡದ_ಸೋಲ್ಡರ್: ತಪ್ಪಿಸಲಿಕ್ಕಂತ ಮಾಡಿದ ಚಿಪ್ಪಿನಾಗ ನಿಮ್ಮ ಹುಡುಗ್ರಿಗೆ ರೇಸ್ ಅರೌಂಡ್ ಕಾಣಿಸಿದ್ದು ಹೆಂಗ? ಒಂದನ್ನಾರ ಹಿಡ್ಕೊಂಡು ನಿಲ್ರಿ!

ಮೂರನೇ_ಸೆಮ್: ಸರ್, ನಾಡಿದ್ದು ಲ್ಯಾಬ್ ಇಂಟರ್ನಲ್ಸ್ ಇದೆ. ವೈವಾದಲ್ಲಿ 7476 ಎಡ್ಜ್ ಅಂತ ಹೇಳಬೇಕಾ, ಪಲ್ಸ್ ಅಂತಾನಾ? ನಮ್ಮ ಪುಸ್ತಕದಲ್ಲಿ ಕ್ಲಾಕ್ ಪಿನ್ ಹತ್ತಿರ ಒಂದು ಬಬಲ್ (ಸಣ್ಣ ವೃತ್ತ) ಇದೆ ಅಷ್ಟೇ.

ಧಾರವಾಡದ_ಸೋಲ್ಡರ್: ತಂಗಿ, ಪುಸ್ತಕ ಬಿಡು, ಚಿಪ್ಪನ್ನೇ ಕೇಳು. ಕ್ಲಿಯರ್ ಮಾಡಿ ಔಟ್‌ಪುಟ್ ಕ್ಯೂ 0 ಇಡು, ಜೆ, ಕೆ ಎರಡೂ 0. ಕ್ಲಾಕ್ ಹೈ ಮಾಡಿ ಹಂಗ ಇಡು. ಈಗ ಜೆ ಅಷ್ಟೇ ಒಮ್ಮೆ 1 ಮಾಡಿ ತಿರುಗಿ 0 ಮಾಡು. ಆಮ್ಯಾಲ ಕ್ಲಾಕ್ ಇಳಿಸು. ಕ್ಯೂ 1 ಆದ್ರ ಪಲ್ಸ್ ಟ್ರಿಗರ್ಡ್, ಮಾಸ್ಟರ್ ಆ 1ನ್ನ ಹಿಡ್ಕೊಂಡಿತ್ತು. 0 ಉಳಿದ್ರ ಎಡ್ಜ್.

ಹಳೇ_ಲ್ಯಾಬ್_ಮೇಷ್ಟ್ರು: ಪರೀಕ್ಷೆ ಹತ್ತಿರ ಇರುವಾಗ ಮಕ್ಕಳ ತಲೆ ಕೆಡಿಸಬೇಡಿ. ವೈವಾದಲ್ಲಿ "ಮಾಸ್ಟರ್ ಸ್ಲೇವ್, ಇಳಿಯುವ ಅಂಚಿಗೆ ಔಟ್‌ಪುಟ್ ಬದಲಾಗುತ್ತದೆ" ಅನ್ನಿ. ಮಾರ್ಕ್ಸ್ ಸಿಗುತ್ತದೆ.

ವಾಚ್_ರಿಪೇರಿ: ನೀವೆಲ್ಲ 7476 ಹಿಡಿದು ಎಳೆದಾಡುತ್ತಿದ್ದೀರಿ, ಮೇಲೆ "ರಿಪಲ್ ಕೌಂಟರ್ ಕೂಡ ಬಿಡಬಹುದು" ಅಂದಿದ್ದನ್ನು ಯಾರೂ ಕೇಳಲಿಲ್ಲ. ಗಡಿಯಾರದ ಕ್ರಿಸ್ಟಲ್ 32768 ಹರ್ಟ್ಜ್, ಅಂದರೆ 2ರ 15ನೇ ಘಾತ. ಸಿಡಿ4060 ಅನ್ನುವ 14 ಹಂತದ ರಿಪಲ್ ಕೌಂಟರ್‌ಗೆ ಹಾಕಿದರೆ ಕೊನೆಗೆ 2 ಹರ್ಟ್ಜ್ ಬರುತ್ತದೆ, ಮೇಲೊಂದು ಫ್ಲಿಪ್‌ಫ್ಲಾಪ್ ಸೇರಿಸಿದರೆ ಸೆಕೆಂಡಿಗೊಂದು ಟಿಕ್. ಪ್ರತಿ ಹಂತವೂ ಹಿಂದಿನದರ ಅರ್ಧ ವೇಗದಲ್ಲಿ ಬದಲಾಗುವುದರಿಂದ ಕರೆಂಟು ಉಳಿಯುತ್ತದೆ. ಪುಟ್ಟ ಸೆಲ್ಲು ವರ್ಷಗಟ್ಟಲೆ ಬರಬೇಕಾದ ಕಡೆ ಇದು ದೊಡ್ಡ ವಿಷಯ.

ಎಡ್ಜ್_ಟು_ಎಡ್ಜ್: "ಸೆಕೆಂಡಿಗೊಂದು ಟಿಕ್" ಬರಿಸುವುದು ಬೇರೆ, ನಡುವಿನ ಎಣಿಕೆ ಓದುವುದು ಬೇರೆ. ರಿಪಲ್‌ನಲ್ಲಿ 0111ರಿಂದ 1000ಕ್ಕೆ ಹೋಗುವಾಗ 0110, 0100, 0000 ದಾಟಿ ಹೋಗುತ್ತದೆ. ಆ ಹೊತ್ತಿನಲ್ಲಿ ಡಿಕೋಡರ್ (ಎಣಿಕೆ ಗುರುತಿಸುವ ಸರ್ಕ್ಯೂಟ್) ಓದಿದರೆ ಸುಳ್ಳು ಪಲ್ಸ್ ಬರುತ್ತದೆ. 74163ರಂಥ ಸಿಂಕ್ರೊನಸ್ ಕೌಂಟರ್‌ನಲ್ಲಿ ಎಲ್ಲ ಫ್ಲಿಪ್‌ಫ್ಲಾಪ್‌ಗೂ ಒಂದೇ ಕ್ಲಾಕ್, ಹೀಗೆ ಒಂದರ ಹಿಂದೊಂದು ಬದಲಾಗುವುದಿಲ್ಲ. ಗೇಟ್ ಉಳಿತಾಯದ ಮಾತಿಗೂ ಇಲ್ಲೇ ಉತ್ತರ: ಆರು ಇನ್‌ಪುಟ್ಟಿನ ಲುಕ್‌ಅಪ್ ಟೇಬಲ್ಲಿಗೆ ಎರಡು ಗೇಟ್ ಹೆಚ್ಚಾದರೂ ಒಂದೇ, ಕಡಿಮೆಯಾದರೂ ಒಂದೇ.

ವಾಚ್_ರಿಪೇರಿ: ಗಡಿಯಾರದಲ್ಲಿ ನಡುವಿನ ಎಣಿಕೆಯನ್ನು ಯಾರು ಸ್ವಾಮಿ ಓದುತ್ತಾರೆ?

ಹಳೇ_ಲ್ಯಾಬ್_ಮೇಷ್ಟ್ರು: ಎಲ್ಲ ಎಂಜಿನಿಯರೂ ಎಫ್‌ಪಿಜಿಎ ಮುಂದೆ ಕೂರುವುದಿಲ್ಲ.

ಮೂರನೇ_ಸೆಮ್: ಸೋಲ್ಡರ್ ಅಣ್ಣ, ಇವತ್ತು ಲ್ಯಾಬ್‌ನಲ್ಲಿ ನೀವು ಹೇಳಿದ ಹಾಗೇ ಮಾಡಿದೆ. ನಮ್ಮ ಚಿಪ್ ಮೇಲೆ 74ಎಲ್‌ಎಸ್76 ಅಂತ ಇದೆ. ಕ್ಯೂ 0 ಆಗೇ ಉಳಿಯಿತು.

ಎಡ್ಜ್_ಟು_ಎಡ್ಜ್: ನಾನು ಹೇಳಿದ್ದೂ ಅದೇ. ಎಡ್ಜ್.

ಧಾರವಾಡದ_ಸೋಲ್ಡರ್: ನೀವು ಹೇಳಿದ್ದು 7476. ಆಕಿ ನೋಡಿದ್ದು ಎಲ್‌ಎಸ್. ಇಷ್ಟೊತ್ತು ನಾ ಬಡ್ಕೊಂಡಿದ್ದು ಅದನ್ನ!

ಎಡ್ಜ್_ಟು_ಎಡ್ಜ್: ಒಂದೇ ನಂಬರಿನ ಎರಡು ಚಿಪ್ ಬೇರೆ ಬೇರೆ ನಡೆದುಕೊಳ್ಳುತ್ತವೆ ಅಂದರೆ ಕಲಿಯುವವರ ಕೈಗೆ ಅದನ್ನು ಕೊಡುವುದೇ ಬೇಡ. ಡಿ ಫ್ಲಿಪ್‌ಫ್ಲಾಪ್ ಚಿಪ್ಪಾದ 7474 ಕೊಡಿ. ಎಲ್‌ಎಸ್ ಇರಲಿ ಬಿಡಲಿ, ಎರಡೂ ಏರುವ ಅಂಚಿಗೇ ಕೆಲಸ ಮಾಡುತ್ತವೆ.

ಹಳೇ_ಲ್ಯಾಬ್_ಮೇಷ್ಟ್ರು: 7474ರ ಡಿಯನ್ನು ಕ್ಯೂ ಬಾರ್‌ಗೆ (ಕ್ಯೂನ ವಿರುದ್ಧ ಔಟ್‌ಪುಟ್ಟಿಗೆ) ಕಟ್ಟಿದರೆ ಟಾಗಲ್ ಆಗುತ್ತದೆ, ಅದು ನನಗೂ ಗೊತ್ತು. ಆದರೆ ಹೋಲ್ಡ್ ಮಾಡಿಸಬೇಕಾದರೆ ಹೊರಗೆ ಗೇಟ್ ಬೇಕು, ಜೆಕೆಯಲ್ಲಿ ಎರಡು ವೈರ್ ನೆಲಕ್ಕೆ ಹಾಕಿದರೆ ಮುಗಿಯಿತು. ಸಿಲಬಸ್‌ನಲ್ಲಿ ಇರುವವರೆಗೆ ನಾನು ಕಲಿಸುತ್ತೇನೆ.

ಮೂರನೇ_ಸೆಮ್: ಸರ್, ಎಲ್‌ಎಸ್ ಇಲ್ಲದ 7476 ಯಾರ ಹತ್ತಿರವಾದರೂ ಇದ್ದರೆ ಇದೇ ಟೆಸ್ಟ್ ಮಾಡಿ ಹೇಳ್ತೀರಾ?

ಧಾರವಾಡದ_ಸೋಲ್ಡರ್: ನನ್ನ ಡಬ್ಬ್ಯಾಗ ಅದಾವ ತಂಗಿ. ರಾತ್ರಿ ಬೋರ್ಡಿಗೆ ಹಾಕಿ, ಫೋಟೋ ಸಮೇತ ಹಾಕ್ತೀನಿ.