ನಿಲುವಳಿ ಸೂಚನೆ: ನಿಲ್ಲುವುದು ಯಾವುದು, ಸೂಚನೆ ಯಾರಿಗೆ?

ದಾವಣಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಕೇಳುವವರು ಪಕ್ಕದ ಮನೆಯ ಹಿರಿಯರು. ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದಲ್ಲಿ ಬದುಕೆಲ್ಲ ಭತ್ತ ಬೆಳೆದು, ಈಗ ಮಗನ ಮನೆಯಲ್ಲಿ ಇದ್ದಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಅವರಿಗೆ ಕಾಣಿಸುವುದಿಲ್ಲ. ಕಿವಿ ಮಾತ್ರ ಬಹಳ ಚುರುಕು, ಒಂದು ಪದವನ್ನೂ ಸುಮ್ಮನೆ ದಾಟಿಸುವುದಿಲ್ಲ. ವಿಧಾನಸಭೆಯ ಅಧಿವೇಶನ ನಡೆಯುವ ದಿನಗಳಲ್ಲಿ ಕಲಾಪದ ಸುದ್ದಿ ಒಂದು ಸಾಲೂ ಬಿಡದಂತೆ ಓದಬೇಕು ಎಂಬುದು ಅವರ ಅಪ್ಪಣೆ.

ಅಂದು ಸದನದಲ್ಲಿ ದೊಡ್ಡದೇನೂ ಆಗಿರಲಿಲ್ಲ. ಪ್ರಶ್ನೋತ್ತರ, ಒಂದಿಷ್ಟು ವರದಿಗಳ ಮಂಡನೆ, ಧ್ವನಿಮತದಿಂದ ಅಂಗೀಕಾರವಾದ ಒಂದು ತಿದ್ದುಪಡಿ ಮಸೂದೆ, ಕೊನೆಗೆ ಮರುದಿನಕ್ಕೆ ಮುಂದೂಡಿಕೆ. ನಡುವೆ ಒಂದು ಸಣ್ಣ ಶೀರ್ಷಿಕೆ ಇತ್ತು: ‘ನಾಲೆ ನೀರು: ನಿಲುವಳಿ ಸೂಚನೆ’. ಓದುತ್ತಿದ್ದಂತೆ ಹಿರಿಯರು ನೆಟ್ಟಗೆ ಕುಳಿತರು. “ನೀರು ನಿಲ್ಲಿಸುವುದಕ್ಕೆ ಸೂಚನೆ ಕೊಟ್ಟರೇ? ಯಾರು ಕೊಟ್ಟರು? ಪೈರು ಹಾಲುಗಾಳಿನಲ್ಲಿದೆಯಲ್ಲ!” ಎಂದರು.

ನಾನು ಸಮಾಧಾನ ಹೇಳಿದೆ. ನಿಲ್ಲಿಸುವುದು ನೀರನ್ನಲ್ಲ, ಸದನದ ಅಂದಿನ ಕೆಲಸವನ್ನು; ಪಟ್ಟಿಯಲ್ಲಿರುವುದನ್ನೆಲ್ಲ ಬದಿಗಿಟ್ಟು ನಿಮ್ಮ ನೀರಿನ ವಿಷಯವನ್ನೇ ಮೊದಲು ಚರ್ಚಿಸಿ ಎಂದು ವಿರೋಧ ಪಕ್ಷದವರು ಕೇಳಿದ್ದಾರೆ ಎಂದೆ. ಅವರು ಒಪ್ಪಿದರು. ಆದರೆ ನನಗೆ ಸಮಾಧಾನವಾಗಲಿಲ್ಲ. ತನ್ನ ಪರವಾಗಿ ಎದ್ದ ದನಿಯನ್ನು ತನ್ನ ಮೇಲೆ ಬಂದ ಅಪ್ಪಣೆ ಎಂದು ಒಬ್ಬ ಕನ್ನಡಿಗ ತಿಳಿಯುವಂತಾಯಿತು, ಅದೂ ಎರಡು ಪದಗಳೂ ಗೊತ್ತಿದ್ದವರು. ಈ ಎರಡರಲ್ಲಿ ದಾರಿ ತಪ್ಪಿಸಿದ್ದು ಯಾವುದು ಎಂಬುದೇ ನಾನು ಇಲ್ಲಿ ಚರ್ಚೆಗೆ ಇಡುತ್ತಿರುವ ಪ್ರಶ್ನೆ.

ಮೊದಲು ನಿಲುವಳಿ. ಇದು ನನಗೆ ಅತ್ಯಂತ ಪ್ರೀತಿಯ ಪದ. ಸದನದ ಭಾಷೆಯಲ್ಲಿ ಬಹುಪಾಲು ಪದಗಳು ಸಂಸ್ಕೃತದಿಂದ ಬಂದವು: ವಿಧೇಯಕ, ಅಧಿನಿಯಮ, ಪರ್ಯಾಲೋಚನೆ, ಅಧಿವೇಶನ. ಕೆಲವು ಅರಬ್ಬಿ, ಪಾರಸಿಯ ದಾರಿಯಿಂದ ಬಂದವು: ಮಸೂದೆ, ಕಾಯ್ದೆ, ಕಾನೂನು. ಇವುಗಳ ನಡುವೆ ‘-ವಳಿ’ ಎಂದು ಮುಗಿಯುವ ಮೂರು ಪದಗಳು ಕೂತಿವೆ. ನಡವಳಿ, ಗೊತ್ತುವಳಿ, ನಿಲುವಳಿ. ಇವು ಹೊಲ ಗದ್ದೆಗಳ ಬಳಗ. ಹುಟ್ಟುವಳಿ ಎಂದರೆ ಬೆಳೆಯ ಆದಾಯ ಎಂದು ಯಾವ ರೈತನಿಗೂ ವಿವರಿಸಬೇಕಿಲ್ಲ. ಸಾಗುವಳಿ ಎಂದರೆ ಭೂಮಿಯನ್ನು ಉತ್ತು ಬಿತ್ತಿ ಮಾಡುವುದು. ಸರ್ಕಾರಿ ಜಮೀನು ಮಾಡಿಕೊಂಡವರು ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿಯ ಮುಂದೆ ವರ್ಷಗಟ್ಟಲೆ ಕಾದಿದ್ದಾರೆ. ನಡವಳಿ ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿಯೂ ಇದೆ, ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಸರ್ಕಾರಿ ಆದೇಶಗಳ ನೆತ್ತಿಯ ಮೇಲೂ ಇದೆ. (ನಡಾವಳಿ ಎಂದು ದೀರ್ಘ ಎಳೆದು ಬರೆಯುವುದು ದೀಪಾವಳಿ, ನಾಮಾವಳಿಗಳ ಪ್ರಭಾವ ಎಂದು ನನ್ನ ಊಹೆ. ನಡೆ ಎಂಬ ಧಾತು ಕಾಣುವಂತೆ ನಡವಳಿ ಎಂದೇ ಬರೆಯುವುದು ಮೇಲು.) ಚಳವಳಿ ಮಾತ್ರ ನೋಡುವುದಕ್ಕೆ ಇದೇ ಮನೆಯ ಮಗುವಿನಂತಿದ್ದರೂ ಮರಾಠಿಯ ‘ಚಳವಳ’ದಿಂದ ಬಂದ ನೆಂಟ.

ಸಾಗು ಮತ್ತು ನಿಲ್ಲು ಪರಸ್ಪರ ವಿರುದ್ಧ. ಹಾಗಾಗಿ ಸಾಗುವಳಿಯನ್ನು ಬಲ್ಲವರಿಗೆ ನಿಲುವಳಿ ತಾನಾಗಿಯೇ ಅರ್ಥವಾಗುತ್ತದೆ. ಸಾಗುತ್ತಿದ್ದದ್ದು ನಿಂತಿತು. ಇಂಗ್ಲಿಷಿನಲ್ಲಿ ಸಭೆಯನ್ನು ನಾಳೆಗೆ ಹಾಕುವುದಕ್ಕೂ, ತುರ್ತು ವಿಷಯಕ್ಕಾಗಿ ನಿಗದಿತ ಕೆಲಸವನ್ನು ತಡೆಯುವುದಕ್ಕೂ ಅಡ್ಜರ್ನ್ ಎಂಬ ಒಂದೇ ಪದ. ಕನ್ನಡದವರು ಇವೆರಡನ್ನು ಬೇರ್ಪಡಿಸಿದರು. ಮೊದಲನೆಯದು ಮುಂದೂಡಿಕೆ, ಎರಡನೆಯದು ನಿಲುವಳಿ. ಎರಡನೆಯದರಲ್ಲಿ ಸಭೆ ಏಳುವುದಿಲ್ಲ, ಮನೆಗೆ ಹೋಗುವುದಿಲ್ಲ. ಕೂತಲ್ಲೇ ಕೂತು ಬೇರೆ ವಿಷಯಕ್ಕೆ ತಿರುಗುತ್ತದೆ. ಈ ಬೇರ್ಪಡಿಕೆ ಮಾಡಿದವರು ಪದಕ್ಕೆ ಪದ ಇಡದೆ ಸದನದಲ್ಲಿ ನಡೆಯುವುದನ್ನು ನೋಡಿ ಪದ ಕಟ್ಟಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ನಿಲುಗಡೆ ಎಂದು ಏಕೆ ಆಗಲಿಲ್ಲ ಎಂದೂ ಯೋಚಿಸಿದ್ದೇನೆ. ನಿಲುಗಡೆ ಬಸ್ಸಿಗೆ, ವಿದ್ಯುತ್ತಿಗೆ. ಬಿಡುಗಡೆಯ ಜೋಡಿ ಪದ. ಒಮ್ಮೆ ಆಗಿ ಮುಗಿಯುವ ಘಟನೆಗೆ ‘-ಗಡೆ’ ಒಪ್ಪುತ್ತದೆ. ‘-ವಳಿ’ ಬಂದಾಗ ಒಂದು ಕ್ರಮ, ಒಂದು ಪದ್ಧತಿ, ನಡೆಯುತ್ತಾ ಹೋಗುವ ವ್ಯವಹಾರ ಮನಸ್ಸಿಗೆ ಬರುತ್ತದೆ. ಸಾಗುವಳಿ ಒಂದು ದಿನದ ಕೆಲಸವಲ್ಲ, ನಡವಳಿಯೂ ಅಲ್ಲ.

ಇಷ್ಟಾದರೂ ನಿಲ್ಲು ಎಂಬ ಧಾತು ಸರಳವಾದದ್ದಲ್ಲ. ಗದ್ದೆಯವರ ಬಾಯಲ್ಲಿ ಅದಕ್ಕೆ ಎರಡು ಮುಖ. ‘ಗದ್ದೆಯಲ್ಲಿ ನೀರು ನಿಲ್ಲಿಸಬೇಕು’ ಎಂದರೆ ಬದು ಕಟ್ಟಿ ನೀರು ತುಂಬಿಕೊಂಡಿರುವಂತೆ ನೋಡಿಕೊಳ್ಳಬೇಕು. ‘ನಾಲೆಯಲ್ಲಿ ನೀರು ನಿಲ್ಲಿಸಿದರು’ ಎಂದರೆ ಹರಿವು ಬಂದ್ ಆಯಿತು. ಒಂದರಲ್ಲಿ ನೀರು ಇದೆ, ಇನ್ನೊಂದರಲ್ಲಿ ಇಲ್ಲ, ಕ್ರಿಯಾಪದ ಒಂದೇ. ಲಕ್ಕವಳ್ಳಿಯ ಭದ್ರಾ ಜಲಾಶಯ ತನ್ನ ಪೂರ್ಣ ಮಟ್ಟವಾದ 186 ಅಡಿಗೆ ಮುಟ್ಟಿತೇ ಎಂದು ಮಳೆಗಾಲವೆಲ್ಲ ವಿಚಾರಿಸುವ ಊರು ನಮ್ಮದು. ಅಲ್ಲಿ ಎಷ್ಟೇ ತುಂಬಿದರೂ ಕೊನೆಯ ಭಾಗದವರಿಗೆ ತಮ್ಮ ತೂಬಿನಲ್ಲಿ ಬಂದಾಗಲೇ ಅದು ನೀರು. ಅಂಥ ಕಿವಿಗೆ ‘ನಾಲೆ ನೀರು’ ಎಂಬ ಮಾತಿನ ಬೆನ್ನಿಗೆ ‘ನಿಲು’ ಎಂಬ ಸದ್ದು ಬಿದ್ದರೆ ಎದೆ ಹಾರುವುದು ಸಹಜ.

ಆದರೂ ತಪ್ಪು ನಿಲುವಳಿಯದಲ್ಲ, ಸೂಚನೆಯದು ಎಂಬುದು ನನ್ನ ವಾದ.

ಅದೇ ದಿನದ ಅದೇ ಪುಟವನ್ನು ಮತ್ತೆ ತೆಗೆದು ನೋಡಿದೆ. ‘ಗುಂಡಿ ಮುಚ್ಚಲು ಅಧಿಕಾರಿಗಳಿಗೆ ಸಚಿವರ ಸೂಚನೆ.’ ಇದು ಮೇಲಿನವರು ಕೆಳಗಿನವರಿಗೆ ಕೊಟ್ಟ ಆಜ್ಞೆ. ‘ಮಳೆಯ ಮುನ್ಸೂಚನೆ.’ ಇದು ಮುಂದೆ ಆಗಲಿರುವುದರ ಕುರುಹು. ‘ಗಮನ ಸೆಳೆಯುವ ಸೂಚನೆ.’ ಇದು ಶಾಸಕರು ಸಚಿವರ ಮುಂದೆ ಇಡುವ ಅಹವಾಲು. ‘ಸಂತಾಪ ಸೂಚನೆ.’ ಇದರಲ್ಲಿ ಆಜ್ಞೆಯೂ ಇಲ್ಲ, ಅಹವಾಲೂ ಇಲ್ಲ. ಅಗಲಿದವರನ್ನು ಸದನ ಎದ್ದು ನಿಂತು ನೆನೆಯುತ್ತದೆ. ಜೊತೆಗೆ ನಿಲುವಳಿ ಸೂಚನೆ. ಸದನದ ಒಳಗೇ ಈ ಪದ ಎರಡು ಕೆಲಸ ಮಾಡುತ್ತಿದೆ. ಸಭಾಧ್ಯಕ್ಷರಿಗೆ ಮೊದಲೇ ಬರೆದುಕೊಡುವ ನೋಟಿಸೂ ಸೂಚನೆ, ಸದನದ ಮುಂದೆ ಒಪ್ಪಿಗೆಗೆ ಇಡುವ ಪ್ರಸ್ತಾವವೂ ಸೂಚನೆ. ಸದನದಿಂದ ಹೊರಗೆ ಕಾಲಿಟ್ಟೊಡನೆ ಅದೇ ಪದ ಆಜ್ಞೆಯಾಗಿಬಿಡುತ್ತದೆ. ಐವತ್ತು ವರ್ಷಗಳ ಹಿಂದಿನ ಓದುಗರಿಗೆ ಸೂಚನೆ ಎಂದರೆ ಸುಳಿವು, ಸಲಹೆ ಎಂಬ ಮೆದು ಅರ್ಥವೇ ಮೊದಲು ಹೊಳೆಯುತ್ತಿತ್ತೇನೋ. ಇಂದಿನ ಪತ್ರಿಕೆಯಲ್ಲಿ ಅದು ಬಹುಪಾಲು ಅಧಿಕಾರದ ದನಿ. ನಮ್ಮ ಹಿರಿಯರು ಪತ್ರಿಕೆಯಿಂದ ಕಲಿತ ಅರ್ಥವನ್ನೇ ಪತ್ರಿಕೆಗೆ ಹಚ್ಚಿದರು. ಅವರು ತಪ್ಪು ಕೇಳಿಸಿಕೊಂಡರು ಎಂದು ನಾನು ಹೇಳಲಾರೆ.

ಪರಿಹಾರ ಕಷ್ಟದ್ದಲ್ಲ. ‘ನಿಲುವಳಿ ಪ್ರಸ್ತಾವ’ ಎಂದರೆ ಸಾಕು. ಕೇಳುವವರಿಗೆ ಯಾರೋ ಏನನ್ನೋ ಮುಂದಿಟ್ಟಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ ಎಂಬುದು ತಿಳಿಯುತ್ತದೆ. ‘ನಿಲುವಳಿ ಗೊತ್ತುವಳಿ’ ಎಂದು ಕೆಲವರು ಹೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಗೊತ್ತುಮಾಡು ಎಂದರೆ ನಿಶ್ಚಯಿಸು. ಮದುವೆಯ ದಿನ ಗೊತ್ತಾಯಿತು ಎಂದ ಮೇಲೆ ಅದು ಆಗಿಹೋದ ಮಾತು. ಸದನ ಇನ್ನೂ ಒಪ್ಪದಿರುವುದನ್ನು ಗೊತ್ತುವಳಿ ಎನ್ನುವುದು ಅವಸರ. ಅಂಗೀಕಾರವಾದ ಮೇಲೆ ಆ ಹೆಸರು ಅದಕ್ಕೆ ಸಲ್ಲುತ್ತದೆ. ಅವಿಶ್ವಾಸ ಗೊತ್ತುವಳಿ ಮಂಡಿಸಿದರು ಎಂಬ ರೂಢಿಯ ಮಾತಿನಲ್ಲಿಯೂ ಈ ತೊಡಕು ಇದೆ.

ಇಲ್ಲಿ ಒಂದು ಪಕ್ಕದ ಮಾತು, ಅಂದಿನ ಓದಿನಲ್ಲೇ ಬಂದದ್ದು. ‘ಚುಕ್ಕೆ ಗುರುತಿನ ಪ್ರಶ್ನೆ’ ಎಂಬ ಪದವನ್ನು ನಾನು ಇಷ್ಟು ವರ್ಷ ಬೊಟ್ಟಿನಂತಹ ಚುಕ್ಕೆ ಎಂದುಕೊಂಡು ಓದಿದ್ದೆ. ಬಾಯಿಮಾತಿನ ಉತ್ತರ ಬೇಕಾದ, ಉಪಪ್ರಶ್ನೆ ಕೇಳಲು ಅವಕಾಶವಿರುವ ಪ್ರಶ್ನೆ ಅದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಆದರೆ ಇಂಗ್ಲಿಷಿನ ಪದ್ಧತಿಯಲ್ಲಿ ಪ್ರಶ್ನೆಯ ಪಕ್ಕದಲ್ಲಿ ಹಾಕುವುದು ನಕ್ಷತ್ರದ ಗುರುತು, ಹಿಂದಿಯಲ್ಲಿಯೂ ಅದು ತಾರಾಂಕಿತ. ಕನ್ನಡದಲ್ಲಿ ನಕ್ಷತ್ರ ಬೊಟ್ಟಾದದ್ದು ಹೇಗೆ ಎಂದು ನಾನು ಗೊಣಗಿದಾಗ ಹಿರಿಯರೇ ಬಿಡಿಸಿದರು. “ಚುಕ್ಕಿ ಎಂದರೆ ಇನ್ನೇನು? ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಎದ್ದು ನೀರು ಕಟ್ಟುವುದಕ್ಕೆ ಹೋಗುತ್ತಿದ್ದೆವಲ್ಲ” ಎಂದರು. ಮೈಸೂರು ಕಡೆಯ ಓದುಗರಿಗೆ ಚುಕ್ಕೆ ಎಂದರೆ ರಂಗೋಲಿಯ ಚುಕ್ಕೆ ಮೊದಲು. ಧಾರವಾಡದ ಕಡೆ ಚುಕ್ಕಿ ಎಂದರೆ ಆಕಾಶದ್ದು ಮೊದಲು. ದಾವಣಗೆರೆ, ಚಿತ್ರದುರ್ಗದವರಾದ ನಾವು ನಡುವೆ ಇದ್ದೇವೆ. ಅಂಗಳದಲ್ಲಿಯೂ ಚುಕ್ಕಿ ಇಡುತ್ತೇವೆ, ಆಕಾಶದಲ್ಲಿಯೂ ಚುಕ್ಕಿ ಎಣಿಸುತ್ತೇವೆ. ಸದನದ ಚುಕ್ಕೆ ಆಕಾಶದ್ದು ಎಂದು ನನಗೆ ತಿಳಿದದ್ದು ಅಂದು.

ಸದಸ್ಯರು ತುರ್ತು ವಿಷಯಗಳನ್ನು ಎತ್ತುವ ಶೂನ್ಯವೇಳೆಯ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಊರಿನ ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಇವೆಲ್ಲ ಬಾಯಿಗೆ ಬರುವ ತುಂಬಿದ ಹೊತ್ತಿಗೆ ಶೂನ್ಯ ಎಂಬ ಹೆಸರು ಹೊಂದುವುದಿಲ್ಲ ಎಂದಷ್ಟೇ ಈಗ ಹೇಳುತ್ತೇನೆ.

ಒಂದು ಪದಕ್ಕೆ ಇಷ್ಟು ಹೊತ್ತು ಏಕೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದು. ಈಗ ನಮ್ಮ ಜಿಲ್ಲೆಯಲ್ಲಿರುವ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಅಷ್ಟು ದೂರದ ಸದನದಲ್ಲಿ ಕನ್ನಡ ಕೇಳಿಸಿತು ಎಂದು ಇಲ್ಲಿಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅವರೇ ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆಯಾಯಿತು. ಇನ್ನು ಬೆಂಗಳೂರಿನ ಸದನದಲ್ಲಿ ಇಡೀ ದಿನ ಕನ್ನಡವೇ ನಡೆಯುತ್ತದೆ. 224 ಕ್ಷೇತ್ರಗಳ ಮಾತು ಅಲ್ಲಿ ಕನ್ನಡದಲ್ಲಿ ಆಗುತ್ತಿರುವಾಗ, ಆ ಕನ್ನಡ ಕ್ಷೇತ್ರದ ಜಗಲಿಗೆ ಮರಳಿ ಬಂದಾಗ ಅರ್ಥವಾಗಬೇಕು. ಒಂದು ಪದದಲ್ಲಿ ಅದು ಕೆಟ್ಟರೆ ಆ ಪದವನ್ನು ತಿದ್ದುವುದು ನಮ್ಮಂಥವರ ಕೆಲಸ.

ಮರುದಿನದ ಪತ್ರಿಕೆಯಲ್ಲಿ ಮುಂದಿನ ಭಾಗ ಬಂತು. ನಿಯಮ 60ರ ಅಡಿ ಕೊಟ್ಟಿದ್ದ ನಿಲುವಳಿ ಸೂಚನೆಯನ್ನು ಸಭಾಧ್ಯಕ್ಷರು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಅವಕಾಶ ಕೊಟ್ಟಿದ್ದರು. ನಮ್ಮ ವಿಧಾನಸಭೆಯಲ್ಲಿ ಇದು ಮೇಲಿಂದ ಮೇಲೆ ನಡೆಯುವ ಕ್ರಮ: ಪಟ್ಟಿಯ ಕೆಲಸ ನಿಲ್ಲುವುದಿಲ್ಲ, ತುರ್ತು ವಿಷಯಕ್ಕೂ ಹೊತ್ತು ಸಿಗುತ್ತದೆ. ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟವಾಗಬಹುದು ಎಂದು ಹೆದರಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, “ನಿಲುವಳಿ ಎಂದರೆ ಈ ತೂಬು ಮುಚ್ಚಿ ಒಣಗುತ್ತಿರುವ ಗದ್ದೆಯ ತೂಬು ತೆಗೆಯಿರಿ ಎಂದು ಕೇಳಿದ್ದು. ಇವರು ಯಾವ ತೂಬನ್ನೂ ಮುಚ್ಚಲಿಲ್ಲ, ಸರದಿ ಹಾಕಿಕೊಟ್ಟರು. ಅಷ್ಟೇ ತಾನೆ?” ಎಂದರು. ನಿಯಮಾವಳಿಯ ಯಾವ ವಿವರಣೆಯೂ ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಲುವಳಿ ಎಂಬ ಪದವನ್ನು ಸದನದ ಹೊರಗೆ ನಿಮ್ಮ ಕಡೆ ಯಾರಾದರೂ ಆಡುತ್ತಾರೆಯೇ? ಅಂಗಡಿಯ ಲೆಕ್ಕದಲ್ಲಿ ಉಳಿಕೆ ಎಂಬ ಅರ್ಥದಲ್ಲಿ, ಕೆರೆಯ ನೀರಿನ ಮಟ್ಟಕ್ಕೆ, ದನ ಕಟ್ಟುವ ಜಾಗಕ್ಕೆ, ಜಾತ್ರೆಯಲ್ಲಿ ತೇರು ನಿಲ್ಲುವ ಎಡೆಗೆ, ಹೇಗಾದರೂ ಸರಿ. ಹರಿಹರ, ಜಗಳೂರು, ಹಿರಿಯೂರು, ಚಳ್ಳಕೆರೆಯ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ವಾಕ್ಯವನ್ನು ಆಡಿದಂತೆಯೇ ಬರೆದು ಕಳುಹಿಸಿ. ‘ನಿಲುವಳಿ ಪ್ರಸ್ತಾವ’ಕ್ಕೆ ಆಕ್ಷೇಪಣೆ ಇದ್ದರೆ ಅದನ್ನೂ ಬರೆಯಿರಿ. ಬಂದ ಉತ್ತರಗಳನ್ನೆಲ್ಲ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ನಮ್ಮ ಹಿರಿಯರು ಆಗಲೇ ಎರಡು ಸಲ ವಿಚಾರಿಸಿದ್ದಾರೆ.