ಸುಮಾ, ವಾಪಸ್ ಟಿಕೆಟ್‌ಗೆ ತಾರೀಖು ಹಾಕಿಸಬೇಡ

ಸುಮಾ, ನಿನ್ನೆ ರಾತ್ರಿ ಗ್ರೂಪ್‌ನಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ದತ್ತು ತೆಗೆದುಕೊಳ್ಳುವ ಇಬ್ಬರು ಮಕ್ಕಳನ್ನು ಕರೆತರಲು ಮುಂದಿನ ತಿಂಗಳು ಕೊಲಂಬಿಯಾಕ್ಕೆ ಹೊರಡುತ್ತಿದ್ದೇವೆ, ಹೋಗಿಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಅಗ್ಗ ಅನ್ನುತ್ತಿದ್ದಾರೆ, 21 ದಿನಕ್ಕೆ ಎಲ್ಲ ಮುಗಿಯುತ್ತದಾ ದೊಡ್ಡಮ್ಮ, ಭಯ ಆಗ್ತಿದೆ ಅಂತ. ಈ ಸಣ್ಣ ಅಕ್ಷರ ಒತ್ತಿ ಒತ್ತಿ ಬರೆಯಲು ನನಗೆ ಆಗಲ್ಲ. ಫೋನಿಗೆ ಹೇಳುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಅದರದ್ದು, ನನ್ನದಲ್ಲ.

ಮೊದಲೇ ಹೇಳಿಬಿಡುತ್ತೇನೆ. ವಾಪಸ್ ಟಿಕೆಟ್‌ಗೆ ತಾರೀಖು ಹಾಕಿಸಬೇಡ.

ನಿಮ್ಮ ದೊಡ್ಡಪ್ಪನ ಸ್ವಭಾವ ಗೊತ್ತಲ್ಲ. ಬಸ್ಸಿಗೂ ಎರಡು ಗಂಟೆ ಮುಂಚೆ ಹೋಗಿ ನಿಲ್ಲುವ ಮನುಷ್ಯ. 2006ರಲ್ಲಿ ನಮ್ಮ ಮಗಳು ಮಿನಿಯನ್ನು ದತ್ತು ತೆಗೆದುಕೊಂಡು ಕರೆತರಲು ಹೊರಟಾಗ (ಯಾವ ದೇಶ ಅಂತ ಮತ್ತೆ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು) 18ನೇ ದಿನ ವಾಪಸ್ ಅಂತ ಅವರೇ ಲೆಕ್ಕ ಹಾಕಿದರು. ಮೂರು ಟಿಕೆಟ್ ತೆಗೆದೂ ಆಯ್ತು. ದತ್ತು ಏಜೆನ್ಸಿಯವರೂ ಧಾರಾಳವಾಗಿ ಸಾಕು ಅಂದಿದ್ದರು.

14ನೇ ದಿನ ಕೋರ್ಟ್ ಆದೇಶ ಕೈಗೆ ಬಂತು. ಕುಣಿದಾಡಿದೆವು. ಮಾರನೇ ದಿನ ಪಾಸ್‌ಪೋರ್ಟ್ ಕಚೇರಿಗೆ ಹೋದರೆ ಕೌಂಟರ್‌ನಲ್ಲಿದ್ದ ಹುಡುಗಿ ಎರಡು ಕಾಗದ ಪಕ್ಕಪಕ್ಕ ಇಟ್ಟು ಪೆನ್ಸಿಲ್ ತುದಿಯಲ್ಲಿ ತೋರಿಸಿದಳು. ಜನನ ಪತ್ರದಲ್ಲಿ 04-07-2003. ಆದೇಶದಲ್ಲಿ 07-04-2003. ಟೈಪ್ ಮಾಡಿದವರು ಯಾರೋ ದಿನ, ತಿಂಗಳು ಅದಲುಬದಲು ಮಾಡಿದ್ದರು. ಅಷ್ಟಕ್ಕೇ ಫೈಲು ಮತ್ತೆ ಕೋರ್ಟಿಗೆ. ಜಡ್ಜ್ ರಜೆ ಮೇಲೆ ಹೋಗಿದ್ದರು.

ದೊಡ್ಡಪ್ಪನ ರಜೆಯೂ ಮುಗಿದಿತ್ತು. ಟಿಕೆಟ್ ಹಾಳಾಗುತ್ತದೆ ಅಂತ ಒಬ್ಬರೇ ಹೊರಟುಬಿಟ್ಟರು. ಅವರು ಹೋಗಿ ನಾಲ್ಕು ದಿನಕ್ಕೆ ತಿದ್ದುಪಡಿ ಅರ್ಜಿಗೆ ಇಬ್ಬರ ಸಹಿಯೂ ಬೇಕು ಅಂದರು ಕೋರ್ಟಿನವರು. ಅವರ ಪರವಾಗಿ ನಾನು ಹಾಕೋಣ ಅಂದರೆ ಪವರ್ ಆಫ್ ಅಟಾರ್ನಿ ಮಾಡಿಸಿರಲೇ ಇಲ್ಲ. ಅದನ್ನು ಬರೆಸಿ, ನೋಟರಿ ಮಾಡಿಸಿ, ಹೊರದೇಶದಲ್ಲೂ ಕಾಗದ ನಡೆಯಲಿ ಅಂತ ಹಾಕುವ ಸರ್ಕಾರಿ ಮುದ್ರೆ ಅಪಾಸ್ಟಿಲ್ ಹಾಕಿಸಿ, ಕೊರಿಯರ್‌ನಲ್ಲಿ ತರಿಸಿ, ಅಲ್ಲಿನ ಭಾಷೆಗೆ ಅನುವಾದ ಮಾಡಿಸಿ... ಒಟ್ಟು 41 ದಿನ ಸುಮಾ. ಒಂದು ಮಂಚ, ಒಂದು ಕಿಟಕಿ, ನಾನು, ಮೂರು ವರ್ಷದ ಮಗು.

ಮಿನಿ ರಾತ್ರಿ ಶೂ ಬಿಚ್ಚಲು ಬಿಡುತ್ತಿರಲಿಲ್ಲ. ಶೂ ಹಾಕಿಕೊಂಡೇ ಬಾಗಿಲ ಕಡೆ ಮುಖ ಮಾಡಿ ಮಲಗುವುದು. ಮೊದಲು ತನ್ನನ್ನು ನೋಡಿಕೊಳ್ಳುತ್ತಿದ್ದ ಆಕೆ ಬಂದು ಕರೆದುಕೊಂಡು ಹೋಗುತ್ತಾಳೆ ಅಂತ ಅವಳ ಲೆಕ್ಕ. ಅವಳ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ನೀರು, ಹಸಿವು, ನೋವು, ಬಾ. ಇಷ್ಟೇ. ‘ನಾನು ಎಲ್ಲೂ ಹೋಗಲ್ಲ’ ಅನ್ನುವುದು ಹೇಗೆ ಅಂತ ರೂಮು ಗುಡಿಸಲು ಬರುತ್ತಿದ್ದ ಹೆಂಗಸಿನ ಹತ್ತಿರ ಕಲಿತುಕೊಂಡೆ. ಒಂದು ರಾತ್ರಿ ಮಿನಿಯೇ ಶೂ ಬಿಚ್ಚಿ ನನ್ನ ಚಪ್ಪಲಿ ಪಕ್ಕ ಇಟ್ಟಳು. ದೊಡ್ಡಪ್ಪ ಅದನ್ನು ನೋಡಲೇ ಇಲ್ಲ. ಈಗಲೂ ಆ ಮಾತು ಬಂದರೆ ಎದ್ದು ಹೋಗುತ್ತಾರೆ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ನಿನ್ನ ಗಂಡ ಗಿರೀಶನೂ ಕೇಳಿಸಿಕೊಳ್ಳಲಿ. ವಾಪಸ್ ಟಿಕೆಟ್‌ಗೆ ತಾರೀಖು ಹಾಕಿಸಬೇಡಿ. ಅಗ್ಗ ಅಂತ ಬೇಡವೇ ಬೇಡ. ತಾರೀಖು ನಂಬಬಾರದು ಅಂತ ನಿಮಗೆ ನಾನು ಹೇಳಬೇಕಾ? ಚೀನಾದಿಂದ ದತ್ತು ತರಲು ಹಾಕಿದ ಫೈಲು ಹಿಡಿದುಕೊಂಡು ಎಷ್ಟು ವರ್ಷ ಕಾದಿರಿ. 2024ರ ಸೆಪ್ಟೆಂಬರ್‌ನಲ್ಲಿ ಅವರು ಹತ್ತಿರದ ರಕ್ತಸಂಬಂಧಿಗಳ ಮಕ್ಕಳು, ಮಲಮಕ್ಕಳು ಬಿಟ್ಟರೆ ಇನ್ನು ಯಾರನ್ನೂ ಹೊರದೇಶಕ್ಕೆ ದತ್ತು ಕೊಡಲ್ಲ ಅಂದುಬಿಟ್ಟರು. ಇಥಿಯೋಪಿಯಾದವರು 2018ರಲ್ಲೇ ನಿಲ್ಲಿಸಿದ್ದರು. ನಾನು ಅವರನ್ನು ಬೈಯಲ್ಲ. ಮಕ್ಕಳ ಹೆಸರಲ್ಲಿ ದುಡ್ಡು ಮಾಡಿದವರು, ಸುಳ್ಳು ಕಾಗದ ಹುಟ್ಟಿಸಿದವರು ಬೇರೆ ಬೇರೆ ದೇಶಗಳಲ್ಲಿ ಇದ್ದರು. ದತ್ತಿಗೆ ಮುಂಚೆ ಮನೆ, ಮನೆಯವರನ್ನು ಪರೀಕ್ಷಿಸುವ ಹೋಮ್ ಸ್ಟಡಿಯವರು ಬಂದು ನಿಮ್ಮ ಬಚ್ಚಲುಮನೆವರೆಗೂ ನೋಡಿಹೋದರಲ್ಲ, ಅದೂ ಅದಕ್ಕೇ.

ಆದರೆ ಕಾಗದದವರು ಕಾಡಿದ್ದು ಒಂದೂವರೆ ತಿಂಗಳು. ನಮ್ಮವರು? 41 ದಿನದ ಮೇಲೆ ಮಗು ಎತ್ತಿಕೊಂಡು ಇಳಿದರೆ ಮೊದಲ ಪ್ರಶ್ನೆ, ‘ಒಟ್ಟು ಎಷ್ಟು ಬಿತ್ತು?’ ಫ್ರಿಜ್ ತಂದೆನಾ ನಾನು? ಆಫೀಸಿನಲ್ಲಿ ಹೆತ್ತವರಿಗೆ ಮಾತ್ರ ರಜೆ, ನಿಮಗೆ ಸಂಬಳ ಇಲ್ಲದ ರಜೆ ಅಂದರು. ಅದನ್ನೂ ನುಂಗಿಕೊಂಡೆ. ರಾಘು, ನೀನೂ ಗ್ರೂಪ್‌ನಲ್ಲೇ ಇದ್ದೀಯ, ಇದ್ದರೆ ಇರು. ಹೋದ ವರ್ಷ ವಂಶವೃಕ್ಷ ಮಾಡಿ ಎಲ್ಲರಿಗೂ ಪ್ರಿಂಟ್ ಹಂಚಿದೆಯಲ್ಲ. ಎಲ್ಲ ಮಕ್ಕಳ ಹೆಸರೂ ಸುಮ್ನೆ ಹೆಸರು. ಮಿನಿ ಹೆಸರಿನ ಮುಂದೆ ಮಾತ್ರ ಕಂಸದೊಳಗೆ ‘ದತ್ತು’. ನಿನ್ನ ಇಬ್ಬರ ಹೆಸರಿನ ಮುಂದೆ ‘ಸಿಸೇರಿಯನ್’ ಅಂತ ಹಾಕಿದ್ದೀಯಾ? ತಿದ್ದಿ ಕೊಡುತ್ತೇನೆ ಅಕ್ಕ ಅಂದೆ. ಇನ್ನೂ ಬಂದಿಲ್ಲ. ಮಿನಿ ಅದನ್ನು ನೋಡಿ ನಕ್ಕಳು. ನಗು ಬಂದಿದ್ದಕ್ಕೆ ನಕ್ಕಳು ಅಂತ ನಾನು ನಂಬಲ್ಲ.

ಅಯ್ಯೋ, ನೀನು ಕೇಳಿದ್ದು ದಿನದ ಲೆಕ್ಕ ಅಲ್ವಾ.

21 ದಿನ ಸಾಲಲ್ಲ ಅಂತಲೇ ಇಟ್ಟುಕೋ. ಕೊಲಂಬಿಯಾಕ್ಕೆ ಹೋದವರು ಮೂರು ವಾರದಿಂದ ಆರು ವಾರದವರೆಗೂ ಉಳಿಯುತ್ತಾರೆ. ಮಕ್ಕಳನ್ನು ಭೇಟಿ ಮಾಡಿಸುವುದು, ಕೆಲವು ದಿನ ಜೊತೆಗಿಟ್ಟು ಹೇಗೆ ಹೊಂದಿಕೊಂಡಿದ್ದಾರೆ ಅಂತ ನೋಡುವುದು ಬೇಗ ಆಗುತ್ತದೆ. ಆಮೇಲೆ ಜಡ್ಜ್ ತೀರ್ಪು ಕೊಡಬೇಕು. ಕಾಯಿಸುವುದು ಅಲ್ಲೇ. ತೀರ್ಪಿನ ಮೇಲೆ ಹೊಸ ಜನನ ಪತ್ರ, ಪಾಸ್‌ಪೋರ್ಟ್, ವೀಸಾ. ಗಿರೀಶ ಮಧ್ಯದಲ್ಲಿ ವಾಪಸ್ ಬರುವ ಯೋಚನೆ ಇದ್ದರೆ ಪವರ್ ಆಫ್ ಅಟಾರ್ನಿ ಹೊರಡುವ ಮುಂಚೆಯೇ ರೆಡಿ ಇರಲಿ, ಅಪಾಸ್ಟಿಲ್ ಸಮೇತ. ಹೇಗೆ ಬರೆಸಬೇಕು ಅಂತ ಏಜೆನ್ಸಿಯಿಂದಲೇ ಸ್ಪ್ಯಾನಿಷ್ ನಮೂನೆ ಕೇಳಿ ತೆಗೆದುಕೊಳ್ಳಿ.

ಪ್ರತಿ ಕಾಗದ ಕೈಗೆ ಬಂದ ಕೂಡಲೇ ಕೌಂಟರ್ ಮುಂದೆ ನಿಂತೇ ಓದಿ. ಭಾಷೆ ಬರದಿದ್ದರೆ ಅಂಕಿ ಓದಿ, ಹೆಸರಿನ ಅಕ್ಷರ ಒಂದೊಂದಾಗಿ ನೋಡಿ. ಅಲ್ಲಿಯವರಿಗೆ ತಂದೆಯದ್ದೊಂದು, ತಾಯಿಯದ್ದೊಂದು, ಎರಡು ಮನೆತನದ ಹೆಸರು. ನಿಮ್ಮದು ಯಾವ ಕ್ರಮದಲ್ಲಿ ಕೂತಿದೆ ಅಂತ ಜಾಸ್ತಿ ಗಮನ ಕೊಡಿ. ದೇಶದಿಂದ ದೇಶಕ್ಕೆ ದತ್ತು ಹೋಗುವ ಮಕ್ಕಳಿಗಾಗಿ ಇರುವ ಹೇಗ್ ಒಪ್ಪಂದದ 23ನೇ ವಿಧಿಯ ಸರ್ಟಿಫಿಕೇಟ್ ಅಂತ ಒಂದು ಕೊಡುತ್ತಾರೆ, ದತ್ತು 1993ರ ಆ ಒಪ್ಪಂದದ ಪ್ರಕಾರವೇ ಆಗಿದೆ ಅಂತ. ಒಪ್ಪಂದಕ್ಕೆ ಸೇರಿದ ಬೇರೆ ದೇಶಗಳಲ್ಲಿ ದತ್ತಿಗೆ ಮಾನ್ಯತೆ ಸಿಗುವುದು ಅದರ ಮೇಲೆ. ಇಬ್ಬರು ಮಕ್ಕಳಿಗೂ ಅದರ ಅಸಲು ಕೈಲಿ ಇಲ್ಲದೆ ವಿಮಾನ ಹತ್ತಬೇಡಿ. ಸೂಟ್‌ಕೇಸಿಗೂ ಹಾಕಬೇಡಿ, ಹೆಗಲ ಚೀಲದಲ್ಲಿರಲಿ.

ಟಿಕೆಟ್‌ನವನಿಗೆ ಇವತ್ತೇ ಫೋನ್ ಮಾಡು. ನಿಮ್ಮಿಬ್ಬರಿಗೂ ತಾರೀಖು ಬದಲಿಸಲು ಬರುವ ಟಿಕೆಟ್ ಕೇಳು, ಸ್ವಲ್ಪ ಜಾಸ್ತಿ ಆದರೂ ಸರಿ. ಮಕ್ಕಳ ಟಿಕೆಟ್ ಈಗ ತೆಗೆಯಲೇಬೇಡ. ಹೊಸ ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗೆ ಅಚ್ಚಾಗಿ ಬರುತ್ತದೋ ಹಾಗೇ ಟಿಕೆಟ್‌ನಲ್ಲೂ ಇರಬೇಕು, ಅದು ಈಗಲೇ ಯಾರಿಗೆ ಗೊತ್ತು? ಮಾತಾಡಿ ಏನಂದ ಅಂತ ಇಲ್ಲೇ ಹಾಕು.